ಕುರ್ಚಿಯ ಮೇಲಿನ ಚೀಲ

ಮನೆಯಲ್ಲಿರುವುದು ಎರಡೇ ಕುರ್ಚಿ.
ಒಂದರ ಮೇಲೆ ಚೀಲ ಕೂತಿದೆ.
ಬಂದವರು ಅದನ್ನೆತ್ತಿ ನೆಲಕ್ಕಿಟ್ಟು ಕೂರುತ್ತಾರೆ,
ಹೋಗುವಾಗ ಮರೆಯದೆ ಮತ್ತೆ ಕೂರಿಸಿ ಹೋಗುತ್ತಾರೆ,
ಮನೆಗೆ ಹಿರಿಯರು ಅದೇ ಅನ್ನುವ ಹಾಗೆ.

ಇಸ್ತಾಂಬುಲ್, ಝೈತಿನ್‌ಬುರ್ನು, ನಾಲ್ಕನೇ ಮಹಡಿ.
ಕೈ ಚಾಚಿದರೆ ಒಲೆ, ಕಾಲು ಚಾಚಿದರೆ ಬಾಗಿಲು.
ನಗರಸಭೆ ಹಂಚಿದ ಪಟ್ಟಿ ಹೇಳುತ್ತದೆ:
ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಮೂರು ದಿನಕ್ಕಾಗುವಷ್ಟು.
ನಾವಿಬ್ಬರು. ಇಪ್ಪತ್ನಾಲ್ಕು ಲೀಟರ್
ನನ್ನ ಮಂಚದಡಿ ಮಲಗಿದೆ.
ಮಂಚದಡಿಯ ಚಳಿಬಟ್ಟೆ ಕಪಾಟಿಗೆ,
ಕಪಾಟಿನ ಪಾತ್ರೆ ಒಲೆಯ ಮೇಲಿನ ಹಲಗೆಗೆ,
ಹಲಗೆಯ ಮೇಲಿದ್ದ ನನ್ನ ಹೊಲಿಗೆ ಪೆಟ್ಟಿಗೆ
ಇನ್ನೂ ಜಾಗ ಹುಡುಕುತ್ತಿದೆ.
ಬಾರದ ಒಂದು ದಿನಕ್ಕೆ ಜಾಗ ಬಿಡಲು
ಬಂದ ದಿನಗಳೆಲ್ಲ ಒತ್ತಿಕೊಂಡು ಕೂರಬೇಕು.

ಕಪಾಟನ್ನು ಗೋಡೆಗೆ ಬಿಗಿದವನು ಅಣ್ಣ ಇಲ್ಹಾಮಿ.
ಅವನಿಗೆ ಕಿವಿ ಕೇಳುವುದಿಲ್ಲ, ಹುಟ್ಟಿದಾಗಿನಿಂದ.
ಚೀಲಕ್ಕೆ ಸೀಟಿ ಹಾಕುವ ಮುನ್ನ
ಒಮ್ಮೆ ಊದಿ ನನ್ನ ಮುಖ ನೋಡಿದ.
ನಾನು ಕಿವಿ ಮುಚ್ಚಿಕೊಂಡೆ.
ಸರಿ, ಕೆಲಸ ಮಾಡುತ್ತದೆ, ಎಂದ ಕೈಯಲ್ಲೇ.

ಆರು ತಿಂಗಳಿಗೊಮ್ಮೆ ಡಬ್ಬಿಗಳ ತಾರೀಖು ಮುಗಿಯುತ್ತದೆ.
ಆ ರಾತ್ರಿ ನಮಗೆ ಹಬ್ಬ.
ಬೇಯಿಸಿದ ಕಡಲೆ, ಎಣ್ಣೆಮೀನು, ಉಪ್ಪು ಬಿಸ್ಕತ್ತು, ಒಣ ಅಂಜೂರ,
ಚಹಾದ ಜೊತೆ ಕೂತು ಮುಗಿಸುತ್ತೇವೆ.
ಭೂಕಂಪ ತಿನ್ನುತ್ತಿದ್ದೇವೆ ಅನ್ನುತ್ತಾನೆ ಅವನು,
ಎರಡೂ ಅಂಗೈ ನಡುಗಿಸಿ, ಬಾಯಿಗೆ ತಂದು.
ಈವರೆಗೆ ಒಂಬತ್ತು ತಿಂದಿದ್ದೇವೆ.
ಅಂಜೂರ ಮಾತ್ರ ಪ್ರತಿ ಸಲ ಕಮ್ಮಿ ಇರುತ್ತದೆ.
ನಾನಂತೂ ಮುಟ್ಟಿಲ್ಲ.

ಮಾರ್ಚಿಯ ಒಂದು ರಾತ್ರಿ, ಎರಡೂಮುಕ್ಕಾಲು.
ಮೊದಲು ಗೊತ್ತಾದದ್ದು ಅವನಿಗೆ, ನೆಲದ ಮೇಲೆ ಮಲಗುವವನಿಗೆ.
ನನ್ನ ಭುಜ ಹಿಡಿದು ಅಲ್ಲಾಡಿಸಿದ.
ಅಲ್ಲಾಡಿಸಿದ್ದು ಅವನೋ ಮನೆಯೋ
ಬಿಡಿಸಿ ಹೇಳಲಾಗಲಿಲ್ಲ.
ದೀಪ ತೂಗಿತು. ಲೋಟಗಳು ತಮ್ಮತಮ್ಮಲ್ಲೇ ಏನೋ ಮಾತಾಡಿಕೊಂಡವು.
ಮೇಜಿನಡಿ ತಲೆ ಮುಚ್ಚಿ ಹದಿನಾಲ್ಕರವರೆಗೆ ಎಣಿಸಿದೆ. ನಿಂತಿತು.
ಮೆಟ್ಟಿಲಿಳಿದು ಬೀದಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡರೆ
ಪೆರಿಹಾನ್ ಅಮ್ಮನ ಕೈಯಲ್ಲಿ ಟೀವಿ ರಿಮೋಟು,
ಮೂರನೇ ಮಹಡಿಯ ವಿದ್ಯಾರ್ಥಿಯ ಕೈಯಲ್ಲಿ ಒಂಟಿ ಬೂಟು,
ನನ್ನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ.
ಚೀಲ ಮೇಲೆ ಕುರ್ಚಿಯಲ್ಲೇ,
ಊಟಕ್ಕೆ ಕರೆಯುವವರೆಗೆ ಏಳದ ನೆಂಟನ ಹಾಗೆ.

ನೆಲಮಹಡಿಯ ಮಿಠಾಯಿ ಅಂಗಡಿಯ ರಿಫ್ಕಿ ಶಟರ್ ಎತ್ತಿದ.
ಒಳ್ಳೆಯವನು. ಎಲ್ಲರಿಗೂ ಚಹಾ,
ಮಕ್ಕಳಿಗೆ ಪಿಸ್ತಾ ಬಕ್ಲಾವಾ, ಕಾಸು ಕೇಳದೆ.
ಅಂಗಡಿ ಈಗ ಎಷ್ಟು ವಿಶಾಲ!
ಗಾಜಿನ ಪೆಟ್ಟಿಗೆಯ ಪಕ್ಕ, ನೆಲದಲ್ಲಿ,
ಹೊಸ ಟೈಲ್ಸಿನ ಒಂದು ಚೌಕ,
ಸುತ್ತಲಿನದಕ್ಕಿಂತ ಬಿಳುಪು.
ಹೋದ ವರ್ಷ ಅಲ್ಲೊಂದು ಕಂಬವಿತ್ತು.
ಯಾರೂ ಅದರ ಮೇಲೆ ಕಾಲಿಡಲಿಲ್ಲ.
ಯಾರೂ ಅದರ ಮಾತೆತ್ತಲಿಲ್ಲ,
ಬಾಯಿ ತುಂಬ ಅವನದೇ ಸಿಹಿ.

ಬೆಂಕಿ ಬಿದ್ದಾಗ ಬಾವಿ ತೋಡಬಾರದು, ನಿಜ.
ಮೊದಲೇ ತೋಡಿದ ಬಾವಿ ಮುಚ್ಚಿ
ಯಾರೋ ಅಂಗಡಿ ಹಾಕಿದ್ದರೆ?

ಬೆಳಿಗ್ಗೆ ಅರ್ಜಿ ಬರೆದೆ. ಹನ್ನೊಂದು ಮನೆ, ಹನ್ನೊಂದು ಸಹಿ.
ಏಳಾಗಿದೆ.
ಪೆರಿಹಾನ್ ಅಮ್ಮ ಬಾಗಿಲಲ್ಲೇ ಕೇಳಿದಳು:
ಕಟ್ಟಡ ಕೆಡವು ಅಂದರೆ ನಾನೆಲ್ಲಿಗೆ ಹೋಗಲಿ ಮಗಳೇ?
ಪಟ್ಟಿಯ ಎರಡೂ ಬದಿ ತಿರುಗಿಸಿ ನೋಡಿದೆ.
ಅರ್ಜಿಯ ಒಂದು ಪ್ರತಿ ಚೀಲದಲ್ಲಿದೆ, ಸೀಟಿಯ ಪಕ್ಕ.
ಎರಡರಲ್ಲಿ ಈಗಲೇ ಊದಬೇಕಾದ್ದು ಅದು.

ಇಲ್ಹಾಮಿ ನನ್ನ ಪೆಟ್ಟಿಗೆಯಿಂದ ಗುಂಡಿ ಹೊಲಿಯುವ ದಾರ ತೆಗೆದ.
ಒಂದು ತುದಿ ಅವನ ಹೆಬ್ಬೆರಳಿಗೆ, ಇನ್ನೊಂದು ನನ್ನ ಮಣಿಕಟ್ಟಿಗೆ.
ಪುಟ್ಟ ಮನೆ, ಮೂರು ಮೊಳ ಸಾಕಾಯಿತು.
ನಡುರಾತ್ರಿ ದಾರ ಜಗ್ಗಿದರೆ ದಿಗ್ಗನೆದ್ದು ಕೂರುತ್ತೇನೆ.
ಎಷ್ಟೋ ಸಲ ಅವನು ಮಗ್ಗುಲು ಬದಲಿಸಿರುತ್ತಾನೆ, ಅಷ್ಟೇ.
ಒಮ್ಮೊಮ್ಮೆ ದಾರ ಕುರ್ಚಿಯ ಕಡೆಗೆ ಮೆಲ್ಲಗೆ ಎಳೆಯುತ್ತದೆ,
ಕತ್ತಲಲ್ಲಿ ಜಿಪ್ಪು ತೆರೆದ ಸದ್ದು.
ಅವನಿಗದು ಕೇಳಿಸುವುದಿಲ್ಲ.
ನನಗೂ ಕೇಳಿಸುವುದಿಲ್ಲ.